ಎದುರಿನವರ ಖಾತೆಯನ್ನೂ ಓದಬೇಕು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಅರಿಯದ ವರ್ತಕರಿಲ್ಲ. ಆದರೆ ಮಾತು ಬಲ್ಲವನು ಯಾರು ಎಂಬ ವಿಷಯದಲ್ಲಿ ವ್ಯಾಪಾರ ವಲಯದಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ನಿರರ್ಗಳವಾಗಿ ಮಾತನಾಡುವವನು, ವಾದದಲ್ಲಿ ಸೋಲದವನು, ಅಂಕಿ ಅಂಶಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡವನು ಮಾತು ಬಲ್ಲವನೆಂದು ತಿಳಿಯಲಾಗುತ್ತದೆ. ಅನುಭವ ಹೇಳುವುದು ಬೇರೆಯೇ. ಎದುರಿಗೆ ಕುಳಿತವನು ಯಾವುದಕ್ಕೆ ಅಂಜುತ್ತಿದ್ದಾನೆ, ಸಂಜೆ ಮನೆಗೆ ಅಥವಾ ಕಚೇರಿಗೆ ಮರಳಿದಾಗ ಯಾರಿಗೆ ಉತ್ತರ ಹೇಳಬೇಕಾಗಿದೆ ಎಂಬುದನ್ನು ಅರಿತು ಅಲ್ಲಿಂದ ಮಾತು ಆರಂಭಿಸುವವನೇ ಮಾತು ಬಲ್ಲವನು. ಲೆಕ್ಕಶಾಸ್ತ್ರದಲ್ಲಿ ಪ್ರತಿಯೊಂದು ವ್ಯವಹಾರಕ್ಕೂ ಜಮೆ ಮತ್ತು ಖರ್ಚು ಎಂಬ ಎರಡು ಮುಖಗಳಿರುವಂತೆ, ಪ್ರತಿಯೊಂದು ಸಂಭಾಷಣೆಗೂ ಎರಡು ಖಾತೆಗಳಿರುತ್ತವೆ. ಬಹುಪಾಲು ಜನರು ತಮ್ಮ ಖಾತೆಯನ್ನು ಮಾತ್ರ ಓದಿ ಹೇಳುತ್ತಾರೆ. ಹಾಗಾಗಿಯೇ ಅವರ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ.

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಮಂಡಿಗಳಲ್ಲಿ ಇದಕ್ಕೆ ನಿತ್ಯವೂ ನಿದರ್ಶನ ದೊರೆಯುತ್ತದೆ. ಬೆಳೆಗಾರನೊಬ್ಬ ನಾಲ್ಕು ಮೂಟೆ ರಾಶಿ ಅಡಿಕೆಯನ್ನು ಜೀಪಿನಲ್ಲಿ ಹೇರಿಕೊಂಡು ಬರುತ್ತಾನೆ. ವರ್ತಕನು ಮೂಟೆಯೊಳಗೆ ಕೈ ಹಾಕಿ, ಒಂದೆರಡು ಅಡಿಕೆಯನ್ನು ಅಡಕತ್ತರಿಯಲ್ಲಿ ಕತ್ತರಿಸಿ ನೋಡಿ, "ಒಣಗಿಲ್ಲ, ಈ ದರಕ್ಕೆ ಆಗುವುದಿಲ್ಲ" ಎನ್ನುತ್ತಾನೆ. ಅನಂತರ ಮಾರುಕಟ್ಟೆಯ ಏರಿಳಿತವನ್ನೂ ಉತ್ತರ ಭಾರತದ ಬೇಡಿಕೆ ಕುಸಿದಿರುವುದನ್ನೂ ವಿವರಿಸುತ್ತಾನೆ. ಇವೆಲ್ಲವೂ ಸತ್ಯವೇ ಇರಬಹುದು. ಆದರೆ ಬೆಳೆಗಾರನ ಕಿವಿಗೆ ಬಿದ್ದದ್ದು ದರದ ಮಾತಲ್ಲ. ತನ್ನ ಮನೆಯವರೆಲ್ಲ ಕುಳಿತು ಸುಲಿದು, ಬೇಯಿಸಿ, ಒಣಗಿಸಿದ ಶ್ರಮಕ್ಕೆ ಬೆಲೆಯಿಲ್ಲವೆಂಬ ಮಾತು. ಆತ ಮೂಟೆಗಳನ್ನು ಮತ್ತೆ ಜೀಪಿಗೆ ಏರಿಸುತ್ತಾನೆ. ಆ ದಿನದ ವ್ಯಾಪಾರದೊಂದಿಗೆ ಮುಂದಿನ ಹತ್ತು ವರ್ಷಗಳ ವ್ಯಾಪಾರವೂ ಹೊರಟುಹೋಗುತ್ತದೆ.

ಅದೇ ಬೀದಿಯ ಮತ್ತೊಬ್ಬ ವರ್ತಕನು ಬೇರೆ ರೀತಿಯಲ್ಲಿ ಆರಂಭಿಸುತ್ತಾನೆ: "ಗೌಡರೇ, ಮಾಲು ಚೆನ್ನಾಗಿದೆ. ಈ ಎರಡು ಮೂಟೆ ಮಾತ್ರ ಇನ್ನೆರಡು ಬಿಸಿಲು ಕಾಣಬೇಕು. ಹೀಗೇ ಕಳುಹಿಸಿದರೆ ದಾರಿಯಲ್ಲಿ ಬೂಸ್ಟು ಹಿಡಿದು ನನ್ನ ಇಡೀ ಲಾಟು ವಾಪಸು ಬರುತ್ತದೆ. ಸದ್ಯಕ್ಕೆ ನಿಮಗೆ ಎಷ್ಟು ಹಣ ಬೇಕು, ಹೇಳಿ." ದರದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಬೆಳೆಗಾರನ ಮಾನ ಉಳಿಯಿತು, ಆತನ ತುರ್ತು ತಿಳಿಯಿತು, ವರ್ತಕನ ಭಯವೂ ಮುಚ್ಚುಮರೆಯಿಲ್ಲದೆ ಆತನ ಮುಂದೆ ತೆರೆದುಕೊಂಡಿತು. ತನ್ನ ಉದ್ದೇಶವನ್ನು ಹೇಳಿಕೊಳ್ಳುವವನಿಗೆ ಮಾತ್ರ ಇತರರ ಉದ್ದೇಶವನ್ನು ಕೇಳುವ ಅಧಿಕಾರವಿರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಬೆಳೆಗಾರನಿಗೆ ಬೇಕಾದದ್ದು ಹೆಚ್ಚಿನ ದರ ಮಾತ್ರ ಎಂಬ ಎಣಿಕೆ ಎಷ್ಟು ಅಪೂರ್ಣ ಎಂಬುದನ್ನು ಮಲೆನಾಡಿನ ಸಹಕಾರಿ ಚಳವಳಿಯ ಇತಿಹಾಸವೇ ಹೇಳುತ್ತದೆ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದವು. ಖಾಸಗಿ ವರ್ತಕರು ಕೆಲವೊಮ್ಮೆ ಒಂದಿಷ್ಟು ಹೆಚ್ಚಿನ ದರ ನೀಡಲು ಸಿದ್ಧರಿದ್ದಾಗಲೂ ಅನೇಕ ಬೆಳೆಗಾರರು ಸಂಘಕ್ಕೇ ಅಡಿಕೆ ಹಾಕುವುದುಂಟು. ತೂಕದ ಮೇಲಿನ ನಂಬಿಕೆ, ದರ ಕುಸಿದ ವರ್ಷವೂ ಕೊಳ್ಳುವವರಿದ್ದಾರೆ ಎಂಬ ಭರವಸೆ, ಹಣಕ್ಕಾಗಿ ಅಲೆಯಬೇಕಿಲ್ಲವೆಂಬ ನೆಮ್ಮದಿ ಆತನ ಖಾತೆಯಲ್ಲಿ ದರದಷ್ಟೇ ದೊಡ್ಡ ಮೊತ್ತಗಳು. ತೋಟಗಳಿಗೆ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ ರೋಗಗಳು ತಗುಲಿರುವ ಈ ಕಾಲದಲ್ಲಿ ಭದ್ರತೆಯ ಹಂಬಲ ಇನ್ನಷ್ಟು ಹೆಚ್ಚಿದೆ. ಇದನ್ನರಿಯದ ವರ್ತಕನು ಎಷ್ಟೇ ಮಾತನಾಡಿದರೂ ಅದು ಗಾಳಿಗೆ ಹಿಡಿದ ಮೊರವಾಗುತ್ತದೆ.

ಒಂದು ಮಂಡಿಯ ವ್ಯಾಪಾರಕ್ಕೆ ಅನ್ವಯಿಸುವ ಈ ಮಾತು ಒಂದು ಸಂಸ್ಥೆಯ ಅಳಿವು ಉಳಿವಿಗೂ ಅನ್ವಯಿಸುತ್ತದೆ. ಇದಕ್ಕೆ ಕೊಪ್ಪದ ಸಹಕಾರ ಸಾರಿಗೆಗಿಂತ ಹತ್ತಿರದ ಉದಾಹರಣೆ ಬೇರೆ ಬೇಕಿಲ್ಲ. ಈ ಭಾಗದಲ್ಲಿ ಬಸ್ಸು ಓಡಿಸುತ್ತಿದ್ದ ಶಂಕರ್ ಕಂಪನಿ ಮುಚ್ಚುವ ಸ್ಥಿತಿ ತಲುಪಿದಾಗ, ಅದರ ಕಾರ್ಮಿಕರು ತಮಗೆ ಬರಬೇಕಾಗಿದ್ದ ಹಣದ ಬದಲಿಗೆ ಬಸ್ಸುಗಳನ್ನೇ ಪಡೆದು 1991ರಲ್ಲಿ ಸಹಕಾರ ಸಂಘವೊಂದನ್ನು ಕಟ್ಟಿದರು. ಕಾರ್ಮಿಕರ ಬೇಡಿಕೆಯನ್ನು ಕೇವಲ ಬಾಕಿ ಹಣದ ಬೇಡಿಕೆ ಎಂದು ಓದಿದ್ದರೆ ವಿವಾದವು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುತ್ತಿತ್ತು. ಆದರೆ ಬೇಡಿಕೆಯ ಹಿಂದೆ ನಾಳೆಯೂ ಕೆಲಸವಿರಬೇಕೆಂಬ ಉದ್ದೇಶವಿತ್ತು. ನಗದು ಕೊಡಲಾಗದ ಕಂಪನಿಯೂ ವಾಹನವನ್ನು ಕೊಡಬಲ್ಲದು. ಒಮ್ಮೆ ಖರ್ಚಾಗಿಹೋಗುವ ನಗದಿಗಿಂತ ನಿತ್ಯ ದುಡಿಯುವ ವಾಹನವು ಚಾಲಕನಿಗೂ ನಿರ್ವಾಹಕನಿಗೂ ಹೆಚ್ಚು ಬೆಲೆಯುಳ್ಳದ್ದು. ಎರಡೂ ಕಡೆಯ ಖಾತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಇಂತಹ ಮಾರ್ಗ ಕಣ್ಣಿಗೆ ಬೀಳುತ್ತದೆ. ಕೆಲವೇ ಬಸ್ಸುಗಳಿಂದ ಆರಂಭವಾದ ಆ ಸಂಘವು ಮಲೆನಾಡಿನ ಕಿರಿದಾದ ರಸ್ತೆಗಳಲ್ಲಿ ಸುಮಾರು ಮೂರು ದಶಕಗಳ ಕಾಲ ವಿದ್ಯಾರ್ಥಿಗಳನ್ನೂ ಕೂಲಿಕಾರರನ್ನೂ ಸಂತೆಗೆ ಬರುವವರನ್ನೂ ಹೊತ್ತು ಸಾಗಿತು. ದುಡಿಯುವವರೇ ಒಡೆಯರಾದ ಸಾರಿಗೆ ಸಂಸ್ಥೆಯೆಂದು ನಾಡಿನಾದ್ಯಂತ ಹೆಸರು ಗಳಿಸಿತು.

2020ರ ಆರಂಭದಲ್ಲಿ ಆ ಬಸ್ಸುಗಳು ನಿಂತವು. ಇಂಧನದ ಬೆಲೆ, ಬಿಡಿಭಾಗಗಳ ವೆಚ್ಚ ಮತ್ತು ಪೈಪೋಟಿಯ ಮುಂದೆ ಯಾವ ಮಾತಿನ ಚಾತುರ್ಯವೂ ನಿಲ್ಲುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಬಸ್ಸುಗಳಿಂದ ಪ್ರಯೋಜನ ಪಡೆದವರಲ್ಲಿ ಮೂರೂ ಪೇಟೆಗಳ ಅಂಗಡಿಕಾರರಿದ್ದರು. ಬೆಳಗಿನ ಬಸ್ಸು ತಂದ ಗಿರಾಕಿಯೇ ಅವರ ದಿನದ ವಹಿವಾಟು. ಬಸ್ಸು ನಿಂತರೆ ಕಾರ್ಮಿಕರಿಗೆ ಆಗುವ ನಷ್ಟವನ್ನು ಎಲ್ಲರೂ ಕಂಡರು. ಪೇಟೆಗೆ ಆಗುವ ನಷ್ಟವನ್ನು, ಶಾಲೆ ತಪ್ಪುವ ಮಗುವಿನ ನಷ್ಟವನ್ನು ಲೆಕ್ಕ ಹಾಕಿ ಸಂಬಂಧಪಟ್ಟವರ ಮುಂದಿಡುವ ಹೊಣೆ ಕಾರ್ಮಿಕರದು ಮಾತ್ರವಾಗಿರಲಿಲ್ಲ. ಒಂದು ಸಂಘದ ನಷ್ಟಕ್ಕಿಂತ ಒಂದು ಪ್ರದೇಶದ ನಷ್ಟಕ್ಕೆ ಆಡಳಿತಗಾರರು ಬೇಗ ಕಿವಿಗೊಡುತ್ತಾರೆ.

ವರ್ತಕರು ಮತ್ತು ಸರ್ಕಾರದ ನಡುವೆ ಪರಸ್ಪರರ ಮಾತು ಕೇಳಿಸದೇ ಹೋದ ಇನ್ನೊಂದು ಪ್ರಸಂಗವನ್ನು ಹಿರಿಯ ವ್ಯಾಪಾರಿಗಳು ಮರೆತಿರಲಾರರು. 2005ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಮಾರಾಟ ತೆರಿಗೆಯ ಬದಲಿಗೆ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಅದಕ್ಕೆ ಮುನ್ನ ದೇಶದ ಹಲವೆಡೆ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆಯಬಹುದು, ತೆರಿಗೆಯ ಮೇಲೆ ತೆರಿಗೆ ಬೀಳುವುದಿಲ್ಲ ಎಂದು ಸರ್ಕಾರ ಮತ್ತೆ ಮತ್ತೆ ವಿವರಿಸಿತು. ವಿವರಣೆ ಸರಿಯಾಗಿಯೇ ಇತ್ತು. ಆದರೆ ಸಣ್ಣ ವರ್ತಕನ ಭಯ ತೆರಿಗೆಯ ದರದ್ದಾಗಿರಲಿಲ್ಲ. ಲೆಕ್ಕಪುಸ್ತಕ ಬರೆಯುವವರು ಯಾರು, ಸರಕು ಕೊಟ್ಟವನು ತೆರಿಗೆ ಕಟ್ಟದಿದ್ದರೆ ಅದರ ಹೊಣೆ ಯಾರದು, ತಪಾಸಣೆಗೆ ಬಂದ ಅಧಿಕಾರಿಗೆ ಏನು ಉತ್ತರ ಹೇಳುವುದು ಎಂಬುದು ಆತನ ಚಿಂತೆಯಾಗಿತ್ತು. ಇತ್ತ ವರ್ತಕರ ಮನವಿಗಳು ಹೊಸ ತೆರಿಗೆಯೇ ಬೇಡವೆಂದವು. ರಾಜ್ಯದ ವರಮಾನ ಕುಸಿದರೆ ಗತಿಯೇನು ಎಂಬ ಹಣಕಾಸು ಇಲಾಖೆಯ ಆತಂಕಕ್ಕೆ ಅವುಗಳಲ್ಲಿ ಉತ್ತರವಿರಲಿಲ್ಲ. ಒಬ್ಬರು ತತ್ತ್ವವನ್ನು ಹೇಳಿದರು, ಇನ್ನೊಬ್ಬರು ಭಯವನ್ನು ಹೇಳಲಾಗದೆ ಘೋಷಣೆ ಕೂಗಿದರು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗಲೂ ಇದೇ ಆತಂಕ ಮತ್ತೆ ತಲೆಯೆತ್ತಿತು. ಸರಬರಾಜುದಾರನ ತಪ್ಪಿಗೆ ಖರೀದಿದಾರನು ಹೊಣೆಯಾಗುವ ಪ್ರಶ್ನೆಯೇ ಅಲ್ಲಿಯೂ ವರ್ತಕರ ನಿದ್ದೆ ಕೆಡಿಸಿತು.

ಸರ್ಕಾರದೊಂದಿಗೆ ವ್ಯವಹರಿಸುವುದು ಸಂಘಟನೆಗಳ ಕೆಲಸವಾದರೆ, ಬ್ಯಾಂಕಿನೊಂದಿಗೆ ವ್ಯವಹರಿಸುವುದು ಪ್ರತಿಯೊಬ್ಬ ವರ್ತಕನ ಕೆಲಸ. ಸಾಲದ ಕಂತು ತಪ್ಪಿದ ವರ್ತಕನು ಸಾಮಾನ್ಯವಾಗಿ ಬ್ಯಾಂಕಿನ ಬಾಗಿಲ ಕಡೆಗೆ ತಲೆ ಹಾಕುವುದನ್ನೇ ಬಿಡುತ್ತಾನೆ. ಅನಿವಾರ್ಯವಾಗಿ ಹೋದಾಗ ತನ್ನ ಕಷ್ಟಗಳ ಪಟ್ಟಿಯನ್ನು ಓದುತ್ತಾನೆ. ವ್ಯವಸ್ಥಾಪಕರು ನಿರ್ದಯರಲ್ಲ. ಆದರೆ ಕಂತು ಬಾಕಿಯಾಗಿ 90 ದಿನ ಮೀರಿದರೆ ಸಾಲವು ಅನುತ್ಪಾದಕವೆಂದು ವರ್ಗೀಕರಣವಾಗುವ ನಿಯಮ 2004ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಆ ದಿನಾಂಕ ಮೀರಿದರೆ ಅವರು ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ. ಆದುದರಿಂದ ನಲವತ್ತನೆಯ ದಿನವೇ ಹೋಗಿ, ದಾಸ್ತಾನಿನ ಪಟ್ಟಿ ಮತ್ತು ಬರಬೇಕಾದ ಬಾಕಿಯ ವಿವರಗಳೊಂದಿಗೆ, ಇಂತಹ ದಿನ ಇಷ್ಟು ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ವರ್ತಕನ ಮಾತಿಗೆ ಬೆಲೆ ಬರುತ್ತದೆ. ಆತ ವ್ಯವಸ್ಥಾಪಕರ ಕಡತಕ್ಕೆ ಬೇಕಾದ ಕಾಗದವನ್ನೇ ಒದಗಿಸಿರುತ್ತಾನೆ. ತೊಂಬತ್ತೈದನೆಯ ದಿನ ಕಣ್ಣೀರು ಹಾಕಿದರೂ ಪ್ರಯೋಜನ ಕಡಿಮೆ.

ಸಣ್ಣ ಉತ್ಪಾದಕರ ಬಾಕಿ ವಸೂಲಿಯ ಪ್ರಶ್ನೆಯಲ್ಲಿ ಕಾನೂನೇ ಈ ಪಾಠವನ್ನು ಕಲಿತಂತಿದೆ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಘಟಕವೊಂದು ಬೆಂಗಳೂರಿನ ದೊಡ್ಡ ಖರೀದಿದಾರನಿಗೆ ಸರಕು ಕಳುಹಿಸಿ ಆರು ತಿಂಗಳು ಹಣಕ್ಕಾಗಿ ಕಾಯುವುದು ಅಪರೂಪವಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹಣ ಪಾವತಿಸಬೇಕೆಂದು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದು ವಿಧಿಸಿತು. ಆದರೂ ಗಿರಾಕಿ ಕೈ ತಪ್ಪುವ ಭಯದಿಂದ ದೂರು ಕೊಟ್ಟವರು ವಿರಳ. 2023ರ ಹಣಕಾಸು ಕಾಯ್ದೆಯ ಮೂಲಕ, 2024-25ನೇ ಕರನಿರ್ಧಾರಣೆ ವರ್ಷದಿಂದ, ಆ ಅವಧಿಯೊಳಗೆ ಪಾವತಿಸದ ಮೊತ್ತವನ್ನು ಖರೀದಿದಾರನು ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಗೆ ಖರ್ಚೆಂದು ತೋರಿಸಬಹುದು ಎಂದಾಯಿತು. ಮೊದಲನೆಯ ಕಾನೂನು ಖರೀದಿದಾರನಿಗೆ ಧರ್ಮವನ್ನು ಹೇಳಿತು. ಎರಡನೆಯದು ಆತನ ಸ್ವಂತ ಖಾತೆಯ ಭಾಷೆಯಲ್ಲಿ ಮಾತನಾಡಿತು. ಘಟಕದ ಮಾಲೀಕನು ಇನ್ನು ಅಂಗಲಾಚಬೇಕಾಗಿಲ್ಲ, ಜಗಳವಾಡಬೇಕಾಗಿಯೂ ಇಲ್ಲ. ಬಿಲ್ಲಿನ ಮೇಲೆ ತನ್ನ ಉದ್ಯಮ್ ನೋಂದಣಿ ಸಂಖ್ಯೆಯನ್ನು ಸ್ಪಷ್ಟವಾಗಿ ನಮೂದಿಸಿ, ವರ್ಷಾಂತ್ಯಕ್ಕೆ ಮುನ್ನ ಬಾಕಿ ವಿವರವನ್ನು ಖರೀದಿದಾರನ ಲೆಕ್ಕ ವಿಭಾಗಕ್ಕೆ ಕಳುಹಿಸಿದರೆ, ಉಳಿದ ಮಾತನ್ನು ಅವರ ಲೆಕ್ಕಪರಿಶೋಧಕರೇ ಆಡುತ್ತಾರೆ.

ಈ ಎಲ್ಲ ನಿದರ್ಶನಗಳಿಂದ ವಾಣಿಜ್ಯ ಸಂಘಟನೆಗಳು ತಮ್ಮ ಮನವಿಪತ್ರಗಳ ವಿಷಯದಲ್ಲಿ ಕಲಿಯಬೇಕಾದದ್ದು ಸಾಕಷ್ಟಿದೆ. ಸಾಮಾನ್ಯವಾಗಿ ಒಂದೇ ಮನವಿಯಲ್ಲಿ ರಸ್ತೆ, ವಿದ್ಯುತ್, ತೆರಿಗೆ, ರೋಗ, ದರ ಎಂದು ಹದಿನೈದು ಬೇಡಿಕೆಗಳಿರುತ್ತವೆ. ಸ್ವೀಕರಿಸಿದ ಅಧಿಕಾರಿಯು ಅದನ್ನು ಹದಿನೈದು ಕಡತಗಳಿಗೆ ಹಂಚಲಾಗದೆ ಒಂದೇ ಕಡತದಲ್ಲಿ ಮಲಗಿಸುತ್ತಾನೆ. ಮನವಿ ಬರೆಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಲೇಸು. ಇದನ್ನು ಮಂಜೂರು ಮಾಡುವ ಅಧಿಕಾರ ಈ ವ್ಯಕ್ತಿಗೆ ಇದೆಯೇ? ಮಂಜೂರು ಮಾಡಿದರೆ ಆತ ಯಾರಿಗೆ ಉತ್ತರ ಹೇಳಬೇಕಾಗುತ್ತದೆ? ಆ ಉತ್ತರಕ್ಕೆ ಬೇಕಾದ ಆಧಾರವು ಮನವಿಯಲ್ಲಿದೆಯೇ? ಎಲೆಚುಕ್ಕಿ ರೋಗದಿಂದ ತೊಂದರೆಯಾಗಿದೆ ಎಂದು ಬರೆಯುವುದಕ್ಕಿಂತ, ಪೇಟೆಗೆ ಬಂದ ಅಡಿಕೆಯ ಆವಕ ಹಿಂದಿನ ಮೂರು ವರ್ಷಗಳಲ್ಲಿ ಎಷ್ಟಿತ್ತು, ಈ ವರ್ಷ ಎಷ್ಟಾಯಿತು, ಇದರಿಂದ ಮಾರುಕಟ್ಟೆ ಶುಲ್ಕ ಮತ್ತು ತೆರಿಗೆಯಲ್ಲಿ ಎಷ್ಟು ಕಡಿತವಾಯಿತು ಎಂದು ಒಂದು ಪುಟದಲ್ಲಿ ಬರೆದುಕೊಡುವುದು ಮೇಲು. ಅಂತಹ ಕಾಗದವನ್ನು ಅಧಿಕಾರಿಯು ತನ್ನ ಮೇಲಿನವರಿಗೆ ಧೈರ್ಯವಾಗಿ ತೋರಿಸಬಲ್ಲನು.

ಇದೆಲ್ಲವೂ ಕುಟಿಲ ತಂತ್ರವಲ್ಲವೇ ಎಂಬ ಆಕ್ಷೇಪ ಬರಬಹುದು. ಎದುರಿನವರ ದುರ್ಬಲತೆಯನ್ನು ಅರಿತು ಅದನ್ನು ಬಳಸಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಬೆಳೆಗಾರನಿಗೆ ಮಗಳ ಮದುವೆಯ ತುರ್ತು ಇದೆಯೆಂದು ತಿಳಿದು ದರ ಇಳಿಸುವವನಿಗೂ, ಅದೇ ತುರ್ತನ್ನು ತಿಳಿದು ಮುಂಗಡ ಕೊಡುವವನಿಗೂ ಇರುವ ಅರಿವು ಒಂದೇ. ಆದರೆ ಕೊಪ್ಪದ ಮಂಡಿಯಲ್ಲಿ ಬೆಳಿಗ್ಗೆ ನಡೆದದ್ದು ಸಂಜೆಯೊಳಗೆ ಶೃಂಗೇರಿಗೂ ನರಸಿಂಹರಾಜಪುರಕ್ಕೂ ತಲುಪುತ್ತದೆ. ಇಂತಹ ಊರುಗಳಲ್ಲಿ ಮೊದಲನೆಯವನ ಲಾಭ ಒಂದು ಹಂಗಾಮಿನದು, ಎರಡನೆಯವನದು ತಲೆಮಾರಿನದು.

ಅಡಿಕೆಯ ಭವಿಷ್ಯ ಅನಿಶ್ಚಿತವಾಗಿರುವ ಮೂರು ತಾಲ್ಲೂಕುಗಳಲ್ಲಿ ಬೆಳೆಗಾರ, ವರ್ತಕ, ಕಾರ್ಮಿಕ, ಬ್ಯಾಂಕು ಮತ್ತು ಸರ್ಕಾರ ಪರಸ್ಪರ ಮಾತನಾಡಲೇಬೇಕಾದ ಕಾಲ ಇದು. ಪ್ರತಿಯೊಬ್ಬರೂ ತಮ್ಮ ನಷ್ಟವನ್ನೇ ಗಟ್ಟಿಯಾಗಿ ಹೇಳುತ್ತಾ ಹೋದರೆ ಗದ್ದಲ ಹೆಚ್ಚೀತೇ ಹೊರತು ಪರಿಹಾರ ದೊರೆಯದು. ವರ್ಷದ ಕೊನೆಗೆ ಲೆಕ್ಕ ತಾಳೆ ಹಾಕುವಾಗ ಎದುರು ಪಾರ್ಟಿಯ ಖಾತೆಯನ್ನೂ ತರಿಸಿ ನೋಡುವ ಪದ್ಧತಿ ಪ್ರತಿ ಅಂಗಡಿಯಲ್ಲಿಯೂ ಇದೆ. ಆ ಪದ್ಧತಿಯನ್ನು ಮಾತಿಗೂ ವಿಸ್ತರಿಸಿಕೊಂಡರೆ ಅರ್ಧ ವಿವಾದಗಳು ಅಲ್ಲಿಯೇ ಇತ್ಯರ್ಥವಾಗುವುದರಲ್ಲಿ ಸಂದೇಹವಿಲ್ಲ.