ಸಂಸಾರದ ಜಮಾಖರ್ಚು ಮತ್ತು ಉದ್ಯಮದ ಉತ್ತರಾಧಿಕಾರ

ಜನಸಂಖ್ಯಾಶಾಸ್ತ್ರವು ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಸಂಬಂಧಿಸದ ವಿದ್ಯೆಯೆಂಬ ಭಾವನೆ ಸಾಮಾನ್ಯವಾಗಿದೆ. ಆಸ್ಟ್ರೇಲಿಯಾದ ಪ್ರೊ. ಜಾನ್ ಕಾಲ್ಡ್‌ವೆಲ್ (1928-2016) ಅವರ ಸಂಶೋಧನಾ ಜೀವನವನ್ನು ಗಮನಿಸಿದವರಲ್ಲಿ ಈ ಭಾವನೆ ಉಳಿಯಲಾರದು. ಅವರು ಸಂಸಾರವನ್ನು ಪರಿಶೀಲಿಸಿದ್ದು ಖಾತೆಪುಸ್ತಕವನ್ನು ತಪಾಸಣೆ ಮಾಡುವ ರೀತಿಯಲ್ಲಿಯೇ. ಸಂಪತ್ತು ಯಾರಿಂದ ಯಾರ ಕಡೆಗೆ ಹರಿಯುತ್ತಿದೆ ಎಂಬುದೇ ಅವರ ಮೂಲ ಪ್ರಶ್ನೆಯಾಗಿತ್ತು.

ಘಾನಾ ಮತ್ತು ನೈಜೀರಿಯಾಗಳಲ್ಲಿ ಕ್ಷೇತ್ರಕಾರ್ಯ ನಡೆಸಿದ ಅವರು 1976ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಸಂಪತ್ತಿನ ಹರಿವಿನ ಸಿದ್ಧಾಂತವನ್ನು ಮಂಡಿಸಿದರು. ಮಕ್ಕಳ ದುಡಿಮೆಯ ಫಲ ಹಿರಿಯರಿಗೆ ಸಲ್ಲುವವರೆಗೆ ದೊಡ್ಡ ಸಂಸಾರವೇ ಲಾಭದಾಯಕ. ಹರಿವು ತಿರುಗಿ ಹಿರಿಯರಿಂದ ಮಕ್ಕಳತ್ತ ಸಾಗತೊಡಗಿದಾಗ ಜನನ ಪ್ರಮಾಣ ಇಳಿಯುತ್ತದೆ. ಹೀಗೆ ತಿರುಗಿಸುವುದರಲ್ಲಿ ಶಾಲಾ ಶಿಕ್ಷಣದ ಪಾತ್ರ ಬಹು ದೊಡ್ಡದೆಂದು ಅವರು ವಾದಿಸಿದರು. ಶಾಲೆಗೆ ಹೋಗುವ ಬಾಲಕ ದುಡಿಯುವ ಕೈಯಲ್ಲ, ಖರ್ಚಿನ ಬಾಬ್ತು. (ಪೇಟೆಬೀದಿಯ ಯಾವ ಯಜಮಾನರಿಗೂ ಈ ಲೆಕ್ಕವನ್ನು ವಿಶ್ವವಿದ್ಯಾಲಯ ಹೇಳಿಕೊಡಬೇಕಾಗಿಲ್ಲ.)

ಮುಂದೆ ಅವರು ಪತ್ನಿ ಹಾಗೂ ಸಹಸಂಶೋಧಕಿ ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಿ.ಎಚ್. ರೆಡ್ಡಿ ಅವರೊಡನೆ ದಕ್ಷಿಣ ಕರ್ನಾಟಕದ ಗ್ರಾಮಗಳಲ್ಲಿ ಅಧ್ಯಯನ ಕೈಗೊಂಡರು. ಅದರ ಫಲವಾದ ಗ್ರಂಥ 1988ರಲ್ಲಿ ಹೊರಬಂದಿತು. ಅಂಕಿಸಂಖ್ಯೆಗಳಿಗಷ್ಟೇ ತೃಪ್ತರಾಗದೆ ಮನೆಮಂದಿಯೊಡನೆ ಮಾತನಾಡಿ ಕಾರಣಗಳನ್ನು ಅರಸಿದ್ದು ಅದರ ವಿಶೇಷ. ವಿವಾಹದ ವಯಸ್ಸು ಏರುತ್ತಿದ್ದುದು, ತೆರದ ಪದ್ಧತಿ ಹೋಗಿ ವರದಕ್ಷಿಣೆ ಬಂದುದು, ಮಕ್ಕಳನ್ನು ಪಟ್ಟಣದ ನೌಕರಿಗೆಂದು ಓದಿಸುತ್ತಿದ್ದುದು ಇವೆಲ್ಲ ಅಲ್ಲಿ ದಾಖಲಾಗಿವೆ. 2003ರಲ್ಲಿ ಥಾಮಸ್ ಶಿಂಡ್ಲ್‌ಮೇಯರ್ ಅವರೊಡನೆ ಬರೆದ ಪ್ರಬಂಧದಲ್ಲಿ ಮುಂದುವರಿದ ರಾಷ್ಟ್ರಗಳ ಅತಿ ಕಡಿಮೆ ಜನನ ಪ್ರಮಾಣಕ್ಕೆ ಸಮಾನ ಕಾರಣಗಳನ್ನು ಹುಡುಕಿದರು.

ಆ ಗ್ರಾಮಗಳಲ್ಲಿ ಕಂಡ ಬದಲಾವಣೆ ಈಗ ರಾಜ್ಯದ ಅಂಕಿಗಳಲ್ಲಿ ಎದ್ದು ಕಾಣುತ್ತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯೊಬ್ಬರಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ ಸುಮಾರು 2.9 ಇದ್ದುದು 2019-21ರಲ್ಲಿ 1.7ಕ್ಕೆ ಇಳಿದಿದೆ. ತಲೆಮಾರು ಕುಗ್ಗದಿರಲು ಸುಮಾರು 2.1 ಬೇಕು. ದಕ್ಷಿಣ ಕೊರಿಯಾದಲ್ಲಿ ಇದು 2023ರಲ್ಲಿ 0.72 ಮಾತ್ರ.

ವಾಣಿಜ್ಯ ಸಂಸ್ಥೆಗಳ ಸಭೆಗಳಲ್ಲಿ ತೆರಿಗೆ, ವಿದ್ಯುತ್, ಬಡ್ಡಿದರಗಳ ಚರ್ಚೆ ನಡೆಯುವಷ್ಟು ಉತ್ತರಾಧಿಕಾರದ ಚರ್ಚೆ ನಡೆಯುತ್ತಿಲ್ಲವೆಂಬುದು ವಿಷಾದನೀಯ. ಹಿಂದೆ ನಾಲ್ವರು ಗಂಡುಮಕ್ಕಳಲ್ಲಿ ಒಬ್ಬನಾದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಇಂದು ಇರುವ ಒಂದೇ ಮಗು ಓದಿ ಬೇರೆ ಊರಿಗೋ ದೇಶಕ್ಕೋ ಹೋದರೆ, ಆ ಓದಿಗೆ ಹಣ ಒದಗಿಸಿದ ಅಂಗಡಿಗೇ ವಾರಸುದಾರರಿಲ್ಲ. ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಾನ ಹಕ್ಕನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೇ ನೀಡಿದ್ದರೂ, ಆಕೆಗೆ ಖರೀದಿ, ಉದ್ದರಿ, ವಸೂಲಿಗಳ ಪರಿಚಯ ಮಾಡಿಸುವ ಮನೆಗಳು ವಿರಳ. ಇದು ಔದಾರ್ಯದ ಮಾತಲ್ಲ, ವ್ಯವಹಾರದ ಅಗತ್ಯ. ನಂಬಿಕಸ್ಥ ನೌಕರನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ವಿಚಾರವೂ ಇಷ್ಟೇ ತುರ್ತಿನದು.

ಸದಸ್ಯರು ಮೊದಲಿಗೆ ತಮ್ಮ ಪಾಲುದಾರಿಕೆ ಪತ್ರವನ್ನು ತೆರೆದು ನೋಡುವುದು ಒಳಿತು. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಪಾಲುದಾರನೊಬ್ಬನ ಮರಣದೊಂದಿಗೆ ಸಂಸ್ಥೆಯೂ ವಿಸರ್ಜನೆಗೊಳ್ಳುತ್ತದೆ.