ಮನೆಯ ಕುಸ್ತಿಗೆ ನೀವೇ ನಿರ್ಣಾಯಕರು

ರಜೆ ಬಂತೆಂದರೆ ಪ್ಲೇಸ್ಟೇಷನ್‌ನಲ್ಲಿ ‘ಟೆಕನ್’ ಶುರು. ಅಣ್ಣ-ತಂಗಿ ಒಂದೊಂದು ಕಂಟ್ರೋಲರ್ ಹಿಡಿದು ಗುದ್ದಾಟಕ್ಕಿಳಿದರೆ ಊಟಕ್ಕೆ ಕರೆದದ್ದೂ ಕಿವಿಗೆ ಬೀಳದು. ಸಿಟ್ಟಿಗೆ ಸ್ವಿಚ್ ಆಫ್ ಮಾಡಿಬಿಡ್ತೀವಿ, ಹೌದಲ್ರೀ? ಹಾಗೆ ಮಾಡಬೇಡಿ.

ನಮ್ಮ ಹೊಸರಿತ್ತಿ, ಹಾವೇರಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು: ಸರಿಜೋಡಿ ನೋಡಿಯೇ ಪೈಲ್ವಾನರನ್ನು ಕಣಕ್ಕಿಳಿಸುತ್ತಾರೆ, ಪಕ್ಕದಲ್ಲಿ ನಿರ್ಣಾಯಕರಿರುತ್ತಾರೆ. ಮನೆಯ ಆಟಕ್ಕೂ ಇದೇ ನಿಯಮ ಇರಲಿ.

ಮೊದಲು ಡಬ್ಬಿಯ ಮೇಲಿನ ವಯಸ್ಸಿನ ಗುರುತು ನೋಡಿ. 1992ರಲ್ಲಿ ಬಂದ ‘ಮಾರ್ಟಲ್ ಕಾಂಬ್ಯಾಟ್’ನ ರಕ್ತಪಾತ ಮರುವರ್ಷ ಅಮೆರಿಕದ ಸೆನೆಟ್‌ನಲ್ಲೇ ಚರ್ಚೆಯಾಗಿ, 1994ರಲ್ಲಿ ಅಲ್ಲಿ ಈ ಪದ್ಧತಿ ಬಂತು. ‘ಟಿ’ ಎಂದರೆ 13 ತುಂಬಿದವರಿಗೆ, ‘ಎಂ’ ಎಂದರೆ 17 ತುಂಬಿದವರಿಗೆ. ಯುರೋಪಿನ ಗುರುತಾದರೆ 12, 16, 18 ಎಂದು ಅಂಕಿಯೇ ಇರುತ್ತೆ.

ಎರಡನೆಯದು, ಗಡಿಯಾರ ಬಿಟ್ಟು ಪಂದ್ಯ ಎಣಿಸಿ. ಒಂದು ಪಂದ್ಯ ನಾಲ್ಕೈದು ನಿಮಿಷದ ಮಾತು. “ಇನ್ನು ಎರಡೇ ಪಂದ್ಯ” ಅಂದರೆ ಮಕ್ಕಳು ಒಪ್ಪುತ್ತಾರೆ. ಅರ್ಧಕ್ಕೆ ನಿಂತ ಪಂದ್ಯದ ಸಿಟ್ಟೇ ಆಮೇಲೆ ತಂಗಿಯ ಬೆನ್ನಿಗೆ ಗುದ್ದಾಗಿ ಬೀಳೋದು.

ಮೂರನೆಯದು, “ಇದು ಗಂಡುಮಕ್ಕಳ ಆಟ” ಅಂತ ಮಗಳನ್ನು ಎಬ್ಬಿಸಬೇಡಿ. ಇಲ್ಲಿ ತೋಳ್ಬಲಕ್ಕಿಂತ ಬೆರಳಿನ ಚುರುಕು ದೊಡ್ಡದು. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲೇ ಚುನ್ ಲೀ ಎಂಬ ಹೆಣ್ಣು ಪಟು ಇದ್ದಳು! ತಂಗಿಗೆ ಸೋತ ಅಣ್ಣ ಕಂಟ್ರೋಲರ್ ಎಸೆದನೋ, ಕೈ ಎತ್ತಿದನೋ, ಅವತ್ತಿಗೆ ಆಟ ಬಂದ್. ಈ ಮಾತಿನಲ್ಲಿ ಮಾತ್ರ ರಿಯಾಯಿತಿ ಬೇಡ. ತಂಗಿಯ ಕೈಲಿ ಸೋಲುವುದನ್ನು ಇವತ್ತು ಕಲಿತ ಹುಡುಗ ನಾಳೆ ಹೆಂಡತಿಯ ಮಾತಿಗೂ ಕಿವಿಗೊಟ್ಟಾನು.