ಮುಖ ನೋಡಿ ಮಣೆ

ಮುಖ ನೋಡಿ ಮಣೆ ಹಾಕುವುದು ನಮ್ಮವರ ಹಳೆಯ ವಾಡಿಕೆ. ಬಂದವನು ಬಾಯಿ ತೆರೆಯುವ ಮುನ್ನವೇ ಅವನು ಸಾಧುವೋ ಕಪಟಿಯೋ, ಜಾಣನೋ ದಡ್ಡನೋ ಎಂದು ತೀರ್ಮಾನಿಸಿಬಿಡುತ್ತೇವೆ. ಇಂತಹ ತೀರ್ಪಿಗೆ ಗುರಿಯಾದವರಲ್ಲಿ ನಾನೂ ಒಬ್ಬನಾದುದರಿಂದ ಎರಡು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ಹುಬ್ಬುಗಳು ಬಲು ದಟ್ಟ. ಮೂಗಿನ ಮೇಲೆ ಒಂದನ್ನೊಂದು ಕೂಡಿಕೊಂಡಿವೆ. ಇದು ತಂದೆಯವರಿಂದ ಬಂದ ಆಸ್ತಿ. ಹೊಲದಲ್ಲಿ ದುಡಿಯುವ ಅವರಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ. ಎತ್ತುಗಳು ಯಜಮಾನನ ಹುಬ್ಬನ್ನು ನೋಡುವುದಿಲ್ಲವಷ್ಟೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಮೊದಲ ವರ್ಷ ತರಗತಿಯಲ್ಲಿ ಎದ್ದುನಿಂತು, ತಿಳಿಯದುದೊಂದನ್ನು ಕೇಳಿದೆ. “ಏನಯ್ಯಾ, ಜಗಳಕ್ಕೆ ಬಂದೆಯೋ?” ಎಂಬ ಉತ್ತರ ಬಂದಿತು. ಎಲ್ಲರೂ ನಕ್ಕರು. ಆ ವರ್ಷವೆಲ್ಲ ನಾನು ಮತ್ತೆ ಪ್ರಶ್ನೆ ಕೇಳಲಿಲ್ಲ.

ದೊಡ್ಡವರಿಗೂ ಈ ಕಷ್ಟ ತಪ್ಪಿದ್ದಲ್ಲ. 1831ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಚಾರ್ಲ್ಸ್ ಡಾರ್ವಿನ್ನನ ಮೂಗನ್ನು ಕಂಡು ಅವನನ್ನು ಬೇಡವೆನ್ನುವುದರಲ್ಲಿದ್ದನಂತೆ. ಮುಖಲಕ್ಷಣದಿಂದ ಗುಣವನ್ನು ಅಳೆಯಬಹುದೆಂದು ಸಾರಿದ ಸ್ವಿಸ್ ಪಾದ್ರಿ ಲಾವಾಟರನ ಅನುಯಾಯಿ ಆತ. ಅಂತಹ ಮೂಗಿನವನಿಗೆ ದೂರಪ್ರಯಾಣಕ್ಕೆ ಬೇಕಾದ ದೃಢತೆ ಎಲ್ಲಿಯದೆಂದು ಅವನ ಶಂಕೆ. ಇದನ್ನು ಡಾರ್ವಿನ್ನನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಅದೇ ಮೂಗಿನ ತರುಣ ಸುಮಾರು ಐದು ವರ್ಷ ಪ್ರಯಾಣ ಮಾಡಿ ಬಂದು, 1859ರಲ್ಲಿ ಜೀವಶಾಸ್ತ್ರದ ದಿಕ್ಕನ್ನೇ ಬದಲಿಸಿದ ಗ್ರಂಥವನ್ನು ಪ್ರಕಟಿಸಿದನು.

ಹಾಗಾದರೆ ಸಾವಧಾನವಾಗಿ ಮುಖ ನೋಡಿದರೆ ತಪ್ಪು ತಿದ್ದೀತೇ? ಅದೂ ಇಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ವಿಲ್ಲಿಸ್ ಮತ್ತು ಟೊಡೊರೊವ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ಮುಖಗಳನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ತೋರಿಸಿ, ಇವರು ನಂಬಿಗಸ್ತರೋ ಸಮರ್ಥರೋ ಎಂದು ಕೇಳಿದರು. ಹೆಚ್ಚು ಹೊತ್ತು ತೋರಿಸಿದಾಗಲೂ ಅಭಿಪ್ರಾಯ ಅಷ್ಟಾಗಿ ಬದಲಾಗಲಿಲ್ಲ. ಹೆಚ್ಚಿದ್ದು ತಮ್ಮ ತೀರ್ಪಿನ ಮೇಲಿನ ಭರವಸೆ! ಮುಖವನ್ನೇ ದಿಟ್ಟಿಸುವುದರಿಂದ ಗುಣ ತಿಳಿಯದು, ನಮ್ಮ ಹಟ ಬಲಿಯುತ್ತದೆ.

ಅಂದು ಪ್ರಶ್ನಿಸಿದವರ ಮೇಲೆ ನನಗೀಗ ದೂರಿಲ್ಲ. ಏಕೆಂದರೆ ಅದೇ ತಪ್ಪನ್ನು ನಾನೂ ಮಾಡಿದ್ದೇನೆ. ಗ್ರಂಥಾಲಯದ ಹಿರಿಯರೊಬ್ಬರ ಬಿಗಿದ ತುಟಿಗಳನ್ನು ಕಂಡು, ಇವರು ಕಠಿಣರೆಂದು ಬಗೆದು, ಎರಡು ವರ್ಷ ಅವರ ಬಳಿ ಸುಳಿಯಲಿಲ್ಲ. ಪಠ್ಯಪುಸ್ತಕ ಕೊಳ್ಳಲಾರದೆ ಗೆಳೆಯನ ಪುಸ್ತಕದಿಂದ ಪುಟಗಳನ್ನು ಪ್ರತಿಮಾಡಿಕೊಳ್ಳುತ್ತಿದ್ದೆ. ಪರೀಕ್ಷೆ ಹತ್ತಿರವಾದಾಗ ಒಂದು ಸಂಜೆ ಅವರು ಆ ಪುಸ್ತಕವನ್ನೇ ತಂದು ನನ್ನ ಮುಂದಿಟ್ಟು, “ಮೊದಲೇ ಕೇಳಬಾರದಿತ್ತೇ?” ಎಂದರು. ತುಟಿ ಆಗಲೂ ಬಿಗಿದೇ ಇತ್ತು.

ಮೊದಲ ನೋಟದ ಎಣಿಕೆಯನ್ನು ತಡೆಯಲಾರೆವು, ನಿಜ. ಆದರೆ ಅದನ್ನೇ ಕೊನೆಯ ತೀರ್ಪೆನ್ನಬೇಕಾಗಿಲ್ಲ. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರೋ ಅಧಿಕಾರಿಗಳೋ ಆಗುವವರು. ಮುಖ ಗಂಟಿಕ್ಕಿದ ಹುಡುಗನೊಬ್ಬ ನಮ್ಮೆದುರೂ ಎದ್ದುನಿಂತಾನು. ಮೊದಲು ಅವನಿಗೆ ಮಣೆ ಹಾಕೋಣ. ಅವನ ಪ್ರಶ್ನೆಯನ್ನು ಪೂರ್ತಿ ಕೇಳೋಣ.